ಬಂಪರ್ ಮಾತ್ರ ಬಂತು

ತಾರಾನ ಅಪ್ಪಾರ,

ಕಬ್ಬಿನ ತೋಟದಲ್ಲಿ ಅಡಗಿ ಕೂತದ್ದು ಸಾಕು, ಮನೆಗೆ ಬಂದ ಕೂಡಲೇ ಇದನ್ನು ಓದಿರಿ.

ಹಳೆಯ ಪೆಟ್ರೋಲ್ ಟ್ರಕ್ಕಿಗೆ ಸೂಪರ್‌ಚಾರ್ಜರ್ ಕೂಡಿಸುವಾಗ, "ಇಂಜಿನ್ನಿಗೆ ಗಾಳಿ ಹೆಚ್ಚು ತುಂಬಿದ್ರ ಆನಿ ಬಲ ಬರತೈತಿ" ಅಂದಿರಿ. ಬಲ ಬಂದದ್ದು ಖರೆ. ಸಾವಳಗಿ ಹಳ್ಳದ ಕೆಸರಿನಲ್ಲಿ ಸಿಕ್ಕ ಬೀಗರ ಬಸ್ಸಿಗೆ ಸರಪಳಿ ಕಟ್ಟಿ ಜಗ್ಗಿದಿರಿ, ಹಿಂದೆ ತಿರುಗಿ ನೋಡದೆ ಮನೆತನಕ ಬಂದಿರಿ. ಬಂದದ್ದು ಬಸ್ಸಿನ ಬಂಪರ್ ಮಾತ್ರ! ಮದುಮಗ ಇನ್ನೂ ಹಳ್ಳದಲ್ಲೇ ಇದ್ದಾನೆ. ತಾರಾ ಹಂದರದಲ್ಲಿ ನಗಬೇಕೋ ಅಳಬೇಕೋ ತಿಳಿಯದೆ ಕೂತಿದ್ದಾಳೆ.

ಅಣ್ಣನ ನಾಲ್ಕು ಎತ್ತು ಹೊಡೆದುಕೊಂಡು ನಾನೇ ಹೊರಟಿದ್ದೇನೆ. ರೊಟ್ಟಿ, ಝುಣಕ ಮುಚ್ಚಿಟ್ಟಿದ್ದೇನೆ, ಉಂಡು, ಮುಖ ತೊಳೆದು, ತಲೆಗೆ ಹೊಸ ಪಟಕ ಸುತ್ತಿಕೊಂಡು ನಿಲ್ಲಿರಿ.

ಅಂಜಬೇಡಿ. ಬೀಗರು ಕೇಳಿದರೆ, "ಎತ್ತಿನದೇನು ದೊಡ್ಡದ್ರಿ, ನಮ್ಮನಿಯವರು ಮೊದಲ ಬಸ್ ಜಗ್ಗಿ ಸಡಲ ಮಾಡಿ ಬಂದಿದ್ರು" ಎಂದೇ ಹೇಳುತ್ತೇನೆ.

ಕೆಂಪವ್ವ