ಬಟ್ಟೆಯ ಮೇಲೆ ಬರೆಯದ ಉಸಿರು

ನೆರಿಮಾ, ಟೋಕಿಯೊ
೧೮ ನವೆಂಬರ್ ೨೦೦೮, ಮಂಗಳವಾರ

ಪ್ರೀತಿಯ ಅಣ್ಣ ಮಸಾಫುಮಿಗೆ,

ಅಕ್ಷರ ಕೆಟ್ಟದಾಗಿದೆ, ನಡುನಡುವೆ ತಪ್ಪುಗಳೂ ಇವೆ, ಮೊದಲೇ ಹೇಳಿಬಿಡುತ್ತೇನೆ. ಆರನೇ ತರಗತಿಗೆ ನಿಂತುಹೋದ ಕೈ ಇದು. ನಿನ್ನ ಕಾಗದ ಸೆಪ್ಟೆಂಬರಿನಲ್ಲೇ ಬಂದಿತ್ತು. ಉತ್ತರಕ್ಕೆ ಎರಡು ತಿಂಗಳು ಹಿಡಿಯಿತು, ಕ್ಷಮಿಸು. ಮೂರು ಸಲ ಬರೆದು ಹರಿದೆ. ನಿಮ್ಮ ಹಡಗು ಡಿಸೆಂಬರಿನಲ್ಲಿ ಕೇಪ್‌ಟೌನ್ ಬಂದರಿಗೆ ಬರುತ್ತದೆ ಎಂದು ಮೀನುಗಾರಿಕೆ ಕಂಪನಿಯವರು ಹೇಳಿದ್ದಾರೆ. ಅಷ್ಟರೊಳಗೆ ಇದು ನಿನ್ನ ಕೈಸೇರಲಿ. ಕೈಗೆ ಕೊಕ್ಕೆ ಚುಚ್ಚಿದ ಗಾಯ ಮಾಗಿತೇ? ಉಪ್ಪುನೀರು ತಗಲಿಸಬೇಡ ಎಂದರೆ ನೀನು ನಗುತ್ತೀಯ, ಗೊತ್ತು.

ನಾನು ಚೆನ್ನಾಗಿದ್ದೇನೆ. ಇನ್ನೂ ಹಾಗೆಯೇ ಇದ್ದೇನೆ ಎಂದರೂ ಸರಿ. ಹೊರಗಿನವರ ಎದುರು ಬಾಯಿ ತೆರೆಯುವುದಿಲ್ಲ. ತೋಫು ಅಂಗಡಿಯಲ್ಲಿ ಒಂದು ಬೇಕಾದರೆ ಒಂದು ಬೆರಳು, ಎರಡು ಬೇಕಾದರೆ ಎರಡು. ಅಂಗಡಿಯ ಅಜ್ಜಿಗೆ ಅಭ್ಯಾಸವಾಗಿದೆ.

ಅಮ್ಮ ಕಸ ಗುಡಿಸಲು ಹೋಗುತ್ತಿದ್ದ ಹಿರುಮಾ ಅವರ ಮನೆಯಲ್ಲೇ ನಾನೀಗ ಇದ್ದೇನೆ ಎಂದು ಹಿಂದೆ ಬರೆದಿದ್ದೆ. ಅವರ ಚೀಲ ಹೊರುತ್ತೇನೆ, ಅಡುಗೆ ಮಾಡುತ್ತೇನೆ, ಧ್ವನಿಮುದ್ರಣದ ದಿನ ಜೊತೆಗೆ ಹೋಗುತ್ತೇನೆ. ನಾವಿಬ್ಬರೂ ಭಾನುವಾರ ಬೆಳಿಗ್ಗೆ ಒಂದೇ ಕಂಬಳಿಯಲ್ಲಿ ಕುಳಿತು ಟಿವಿಯ ಕಾರ್ಟೂನಿನಲ್ಲಿ ನೋಡುತ್ತಿದ್ದ ಕೊಮೆಕಿಚಿ, ಆ ಸಾರ್ವಜನಿಕ ಸ್ನಾನಗೃಹದ ಮಾಲೀಕನ ಆರು ವರ್ಷದ ತುಂಟ ಮಗ, ಅವನ ಧ್ವನಿ ಇವರದೇ. ಮೂವತ್ತೆಂಟು ವರ್ಷದಿಂದ ಅವನಿಗೆ ಆರೇ ವರ್ಷ. ಇವರಿಗೆ ಎಪ್ಪತ್ತೊಂದು. ಗುರುಗಳೇ ಎಂದು ಯಾರಾದರೂ ಕರೆದರೆ, "ನಾನು ಯಾರಿಗೂ ಏನೂ ಕಲಿಸಿಲ್ಲ, ಹಿರುಮಾ ಸಾನ್ ಅನ್ನಿ ಸಾಕು" ಎಂದು ಮುಖ ತಿರುಗಿಸುತ್ತಾರೆ.

ಅಣ್ಣ, ಇವರ ಕಥೆಗಳನ್ನು ನೀನು ಕೇಳಬೇಕಿತ್ತು. ಯಾಮಾಗಾತಾದ ಹಳ್ಳಿಯಿಂದ ಟೋಕಿಯೊಗೆ ಬಂದಾಗ ಇವರು ಹತ್ತೊಂಬತ್ತು ವರ್ಷದ ಹುಡುಗಿಯಂತೆ. ಬಾಯಿ ತೆರೆದರೆ ಹಳ್ಳಿ ಮಾತು, ಎಲ್ಲರೂ ಆಡಿಕೊಳ್ಳುವವರೇ. ಆಗ ಟಿವಿಯ ವಿದೇಶಿ ಚಿತ್ರಗಳಿಗೆ ಪ್ರಸಾರದ ಹೊತ್ತಿನಲ್ಲೇ ನೇರವಾಗಿ ಜಪಾನಿಯಲ್ಲಿ ಧ್ವನಿ ಕೊಡಬೇಕಿತ್ತು. ತಪ್ಪಿದರೆ ತಪ್ಪು ಇಡೀ ದೇಶಕ್ಕೆ ಕೇಳಿಸುತ್ತಿತ್ತು. ಒಮ್ಮೆ ಹಿಮ ಬಿದ್ದು ರೈಲು ನಿಂತು, ಇಬ್ಬರು ಬರಲೇ ಇಲ್ಲ. ಇವರೇ ತಾಯಿಯಾಗಿ ಮಾತಾಡಿ, ಮಗುವಾಗಿ ಅತ್ತರು. "ಕೊನೆಗೆ ಕುದುರೆಯನ್ನೂ ನಾನೇ ಮಾಡಿದೆ ಕಣೇ. ಮಾರನೇ ದಿನ ಎಲ್ಲರೂ ಹೊಗಳಿದ್ದು ಕುದುರೆಯನ್ನ" ಎಂದು ಇವತ್ತಿಗೂ ಮುನಿಸಿನಿಂದ ಹೇಳುತ್ತಾರೆ.

ಕೊಮೆಕಿಚಿಯ ಪಾತ್ರ ಸಿಕ್ಕಾಗ ಒಂದು ಮಿಠಾಯಿ ಅಂಗಡಿಯ ಮಾಳಿಗೆಯ ಮೇಲೆ ಬಾಡಿಗೆಗೆ ಹೋದರಂತೆ. ಎರಡು ವರ್ಷ ಕಿಟಕಿಯ ಬಳಿ ಕುಳಿತು ಕೆಳಗಿನ ಮಕ್ಕಳ ಜಗಳ ಕೇಳಿದರು. ಅಲ್ಲಿ ಕಂಡುಕೊಂಡದ್ದನ್ನು ನನಗೆ ಅವರೆಕಾಯಿ ಬಿಡಿಸುತ್ತಾ ಹೇಳಿದರು: "ದೊಡ್ಡವರು ಮಾತು ಮುಗಿದ ಮೇಲೆ ಉಸಿರಾಡ್ತಾರೆ. ಮಕ್ಕಳು ಮಾತಿಗಿಂತ ಮುಂಚೆ. ಹೇಳೋಕೆ ಅಷ್ಟು ಅವಸರ ಅವಕ್ಕೆ." ಆಗ ನಾನು ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ.

ಧ್ವನಿಮುದ್ರಣದ ಕೋಣೆಯಲ್ಲಿ ಹದಿನೈದು ಜನರಿಗೆ ನಾಲ್ಕೇ ಮೈಕು. ಒಬ್ಬರು ಮಾತು ಮುಗಿಸಿ ಹಿಂದೆ ಸರಿಯುವಾಗ ಇನ್ನೊಬ್ಬರು ಬೆಕ್ಕಿನ ಹಾಗೆ ಮುಂದೆ ಬರಬೇಕು. ಸರಬರ ಎನ್ನುವ ಬಟ್ಟೆ ಹಾಕುವಂತಿಲ್ಲ. ಹೊಟ್ಟೆ ಗುಡುಗಬಾರದೆಂದು ಎರಡು ತುತ್ತು ಅನ್ನದುಂಡೆ ತಿನ್ನಬೇಕು, ಮೂರನೆಯ ತುತ್ತು ತಿಂದರೆ ತೇಗು. ಎಲ್ಲಕ್ಕಿಂತ ಕಷ್ಟ ಕೈಯಲ್ಲಿರುವ ಮಾತಿನ ಪುಸ್ತಕದ ಹಾಳೆ ತಿರುವುವುದು. ಮೂವತ್ತೆಂಟು ವರ್ಷದಲ್ಲಿ ಹಿರುಮಾ ಸಾನ್‌ರ ಹಾಳೆಯ ಸದ್ದು ಒಮ್ಮೆಯೂ ಕೇಳಿಸಿಲ್ಲವಂತೆ.

ಆದರೆ ಕಳೆದ ಬೇಸಿಗೆಯಿಂದ ಅವರ ಕೈ ನಡುಗುತ್ತಿದೆ. ಧ್ವನಿ ಹಾಗೆಯೇ ಇದೆ, ಕೈ ಮಾತ್ರ. ಸೆಪ್ಟೆಂಬರಿನಲ್ಲಿ ಎರಡು ವಾರ ಒಂದೇ ಸಮನೆ, ಕೋಣೆಯ ಗಾಜಿನ ಗೋಡೆಯ ಆಚೆಯಿಂದ ನಿರ್ದೇಶಕ ಸಾಕುಮಾ ತಗ್ಗಿದ ದನಿಯಲ್ಲಿ, "ಕ್ಷಮಿಸಿ, ಕಾಗದ ಕೇಳಿಸ್ತಾ ಇದೆ, ಇನ್ನೊಮ್ಮೆ" ಎಂದರು. ಅವರು ಚಿಕ್ಕವರು, ಹೇಳಿದ ಮೇಲೆ ತಾವೇ ತಲೆ ಬಗ್ಗಿಸಿಕೊಂಡರು. ಅದರ ಮರುವಾರ ಇಬ್ಬರು ನಿರ್ಮಾಪಕರು ಗಾಜಿನ ಆಚೆ ಬಂದು ಕುಳಿತರು. ಹೊಸ ಹುಡುಗಿಯರ ಧ್ವನಿ ಪರೀಕ್ಷೆ ನಡೆಯುತ್ತಿದೆ ಎಂಬ ಸುದ್ದಿಯೂ ಬಂತು. ಹಿರುಮಾ ಸಾನ್ ಮನೆಗೆ ಬಂದು ಮುಚ್ಚಿದ ಬಾಗಿಲ ಹಿಂದೆ ಹಾಳೆ ತಿರುವಿ ತಿರುವಿ ನೋಡುತ್ತಿದ್ದರು. ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು.

ಈಗ ನೀನು ಬೈಯಬೇಡ. ಅಮ್ಮನ ಪೆಟ್ಟಿಗೆಯಲ್ಲಿ ಬಿಳಿ ಹತ್ತಿಯ ಉದ್ದನೆಯ ಬಟ್ಟೆ ಇತ್ತಲ್ಲ, ನಿನ್ನನ್ನೂ ನನ್ನನ್ನೂ ಹೊತ್ತಾಗ ಹೊಟ್ಟೆಗೆ ಸುತ್ತಿಕೊಂಡಿದ್ದು, ಅದನ್ನು ಕತ್ತರಿಸಿದೆ. ಎಷ್ಟು ಸಲ ಒಗೆದ ಬಟ್ಟೆಯೋ, ಮುದುರಿದರೂ ಸದ್ದಿಲ್ಲ. ಅದರ ಮೇಲೆ ಕೊಮೆಕಿಚಿಯ ಮಾತುಗಳನ್ನು ಮಸಿಯಲ್ಲಿ ದಪ್ಪವಾಗಿ ಬರೆದು ಹಿರುಮಾ ಸಾನ್ ಮುಂದಿಟ್ಟೆ. ತುಂಬ ಹೊತ್ತು ನೋಡಿದರು.

"ನಿನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ."

ನಾನು ನೆಲ ನೋಡಿದೆ.

"ಆರು ವರ್ಷದ ಹುಡುಗ ಬರೆದರೆ ಹೀಗೇ ಬರೀತಾನೆ. ಇರಲಿ ಬಿಡು" ಎಂದರು.

ಆಮೇಲೆ ಆರು ವಾರ ಒಂದು ಸದ್ದೂ ಇಲ್ಲ. ಕೊಮೆಕಿಚಿಯ ಅಪ್ಪನಿಗೆ ಧ್ವನಿ ಕೊಡುವ ಕಾದೊವಾಕಿ ಎಂಬ ಹಿರಿಯರಿದ್ದಾರೆ, ಹಿರುಮಾ ಸಾನ್‌ರನ್ನು ಇಷ್ಟು ವರ್ಷವೂ "ಮಗನೇ" ಎಂದೇ ಕರೆಯುವವರು. ಅವರು ಬಟ್ಟೆಯನ್ನು ಮುಟ್ಟಿ ನೋಡಿ, "ಏನೋ ಮಗನೇ, ಒಗೆದ ಬಟ್ಟೆ ಒಣಗಿಸೋಕೆ ಇಲ್ಲಿಗೆ ತಂದ್ಯಾ?" ಎಂದರು. ಹಿರುಮಾ ಸಾನ್ ಕೊಮೆಕಿಚಿಯ ದನಿಯಲ್ಲೇ, "ನಿನ್ನ ಲಂಗೋಟಿ ಅಲ್ಲಪ್ಪಾ, ಹೆದರಬೇಡ" ಎಂದರು. ನಿರ್ಮಾಪಕರೂ ನಕ್ಕರು.

ಹೋದ ಗುರುವಾರದ್ದು ಹೇಳಬೇಕೆಂದೇ ಈ ಕಾಗದ. ಅವತ್ತು ಧ್ವನಿಮುದ್ರಣಕ್ಕೆ ಅರ್ಧ ಗಂಟೆ ಇರುವಾಗ ಒಂದು ಹಾಳೆ ಬದಲಾಗಿ ಬಂತು. ಹೀಗೆ ಆಗಾಗ ಆಗುತ್ತದೆ. ಹಿರುಮಾ ಸಾನ್ ಅನ್ನದುಂಡೆ ತಿನ್ನುತ್ತಿದ್ದರು. ನಾನು ಮೊಗಸಾಲೆಯ ಬೆಂಚಿನ ಮೇಲೆ ಕುಳಿತು ಆ ಹಾಳೆಯನ್ನು ಬಟ್ಟೆಗೆ ಇಳಿಸಿದೆ. ಕೊಮೆಕಿಚಿ ಹಿಮದಲ್ಲಿ ಅಪ್ಪನಿಗಾಗಿ ಕಾಯುತ್ತಾನೆ, ಅಪ್ಪ ದೂರದಲ್ಲಿ ಕಾಣುತ್ತಾನೆ. ಮೊದಲಿನ ಹಾಳೆಯಲ್ಲಿ ಅಲ್ಲೊಂದು ಮಾತಿತ್ತು. ಹೊಸ ಹಾಳೆಯಲ್ಲಿ ಅದನ್ನು ತೆಗೆದು ಕಂಸದೊಳಗೆ "ಉಸಿರು" ಎಂದಷ್ಟೇ ಬರೆದಿದ್ದರು. ಅದು ಮಾತಲ್ಲವಲ್ಲ ಎಂದು ನಾನು ಬಿಟ್ಟುಬಿಟ್ಟೆ.

ಪರೀಕ್ಷೆಗೆ ಚಿತ್ರ ಓಡಿತು. ಚಿತ್ರವಿನ್ನೂ ಮುಗಿದಿರಲಿಲ್ಲ, ಬರೀ ಪೆನ್ಸಿಲ್ ಗೆರೆಗಳು. ಆ ಜಾಗ ಬಂತು. ಹಿರುಮಾ ಸಾನ್ ಬಟ್ಟೆಯನ್ನೇ ನೋಡುತ್ತಾ ಸುಮ್ಮನೆ ನಿಂತಿದ್ದರು. ಇಪ್ಪತ್ತು ಸೆಕೆಂಡು ಏನೂ ಇಲ್ಲ. ಗಾಜಿನ ಆಚೆ ನಿರ್ಮಾಪಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಬ್ಬರು ಏನೋ ಬರೆದುಕೊಂಡರು.

"ಹಿರುಮಾ ಸಾನ್, ಅಲ್ಲಿ ಉಸಿರು ಇತ್ತು. ಸುಸ್ತಾಗಿದ್ದರೆ ಸ್ವಲ್ಪ ಕೂತ್ಕೊಳ್ತೀರಾ?" ಎಂದು ಸಾಕುಮಾ ಕೇಳಿದರು.

ಹಿರುಮಾ ಸಾನ್ ಬಾಗಿಲ ಬಳಿ ಕುಳಿತಿದ್ದ ನನ್ನ ಕಡೆ ನೋಡಲೇ ಇಲ್ಲ. ಗಾಜಿಗೆ ತಲೆ ಬಗ್ಗಿಸಿ, "ನನ್ನ ಕಣ್ಣು ತಪ್ಪಿತು, ಕ್ಷಮಿಸಿ" ಎಂದರು.

ಅಣ್ಣ, ನನಗೆ ಕಿವಿಯೊಳಗೆ ನೀರು ಹೊಕ್ಕಂತಾಯಿತು. ಕೈ ನಡುಗುತ್ತದೆ, ಈಗ ಕಣ್ಣೂ ಹೋಯಿತು ಎಂದರೆ ಇವರನ್ನು ಯಾರು ಉಳಿಸಿಕೊಳ್ಳುತ್ತಾರೆ? ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

"ತಪ್ಪು ನನ್ನದು. ಉಸಿರನ್ನ ನಾನು ಬರೀಲಿಲ್ಲ. ಅವರ ಕಣ್ಣಲ್ಲಿ ಏನೂ ತೊಂದರೆ ಇಲ್ಲ."

ಮೈಕುಗಳು ತೆರೆದೇ ಇದ್ದವು. ನನ್ನ ಗೊಗ್ಗರು ದನಿ ಗಾಜಿನ ಆಚೆಯ ದೊಡ್ಡ ಸ್ಪೀಕರಿನಲ್ಲಿ ಹೋಯಿತು. ಯಾರೂ ನಗಲಿಲ್ಲ. ಕಾದೊವಾಕಿ ಅಜ್ಜ ಮಾತ್ರ ನಿಧಾನವಾಗಿ ತಿರುಗಿ, "ಈ ಹುಡುಗಿಗೆ ಬಾಯಿದೆಯಲ್ಲಪ್ಪ. ಎರಡು ವರ್ಷದಿಂದ ಗೋಡೆಗೆ ನಮಸ್ಕಾರ ಹೇಳ್ತಿದೀನಿ ಅಂದ್ಕೊಂಡಿದ್ದೆ" ಎಂದರು. ಆಗ ಎಲ್ಲರೂ ನಕ್ಕರು. ಅದು ಅವರ ಮಾತಿಗೆ, ನನ್ನ ದನಿಗಲ್ಲ. ಆ ಎರಡು ನಗೆಗಳ ವ್ಯತ್ಯಾಸ ನನಗೆ ಗೊತ್ತಾಗುತ್ತದೆ.

ಹಿರುಮಾ ಸಾನ್ ಬಟ್ಟೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, "ಹಿಡ್ಕೊ" ಎಂದರು. ಬರಿಗೈಯಲ್ಲಿ ಮೈಕಿನ ಮುಂದೆ ನಿಂತರು. ಕೆಂಪು ದೀಪ ಹೊತ್ತಿತು. ಇಪ್ಪತ್ತು ಸೆಕೆಂಡು ಉಸಿರು ಮಾತ್ರ. ಮೊದಲು ಚಳಿಯ ಚಿಕ್ಕ ಚಿಕ್ಕ ಉಸಿರು. ಆಮೇಲೆ ಅಪ್ಪ ಹೌದೋ ಅಲ್ಲವೋ ಎಂದು ತಡೆದ ಉಸಿರು. ಕೊನೆಗೆ ಕರೆಯಲೆಂದು ಎದೆತುಂಬ ಎಳೆದುಕೊಂಡದ್ದು, ಕರೆಯುವ ಮೊದಲೇ ಒಡೆದುಹೋಯಿತು. ಪೆನ್ಸಿಲ್ ಗೆರೆಗಳ ಹುಡುಗ ನಮ್ಮೆದುರು ಅತ್ತ. ದೀಪ ಆರಿತು. ಕಾದೊವಾಕಿ ಅಜ್ಜನ ಕಣ್ಣು ಒದ್ದೆಯಾಗಿತ್ತು, "ನಾನು ಬಂದೆನಲ್ಲೋ ಮಗನೇ" ಎಂದು ಗೊಣಗಿಕೊಂಡರು. ಹೊರಡುವಾಗ ನಿರ್ಮಾಪಕರು ಬಾಗಿಲವರೆಗೂ ಬಂದು, ಬರುವ ವರ್ಷವೂ ನೀವೇ ಇರಬೇಕು ಎಂದು ಕೇಳಿಕೊಂಡರು. "ಬಟ್ಟೆ ಮುಗಿಯೋವರೆಗೆ" ಎಂದರು ಹಿರುಮಾ ಸಾನ್.

ರೈಲಿನಲ್ಲಿ ನನಗೆ ಬೈಗುಳ. "ತಪ್ಪು ಒಪ್ಕೊಂಡೆ ಅಂತ ಶಭಾಷ್ ಅನ್ನಲ್ಲ. ಉಸಿರು ಮಾತಲ್ಲ ಅಂದ್ಕೊಂಡ್ಯಲ್ಲ, ಅದಕ್ಕೆ ಬೈತೀನಿ." ಎರಡು ನಿಲ್ದಾಣ ಕಳೆದ ಮೇಲೆ ಕಿಟಕಿ ನೋಡುತ್ತಾ, "ನಿನ್ನ ದನಿ ಗೊಗ್ಗರೇ. ಇಂಪಾಗಿದೆ ಅಂತ ಸುಳ್ಳು ಹೇಳಲ್ಲ. ಆದರೆ ಹಿಂದಿನ ಗೋಡೆವರೆಗೂ ಹೋಯ್ತು" ಎಂದರು.

ಬಟ್ಟೆ ಇನ್ನೂ ಅರ್ಧ ಉಳಿದಿದೆ. ಬರೆದದ್ದನ್ನು ಒಗೆದು ಮತ್ತೆ ಬರೆಯುತ್ತೇನೆ, ಮಸಿ ಪೂರ್ತಿ ಹೋಗುವುದಿಲ್ಲ. ಸಮುದ್ರ ನಿನ್ನನ್ನು ಸುಖವಾಗಿಟ್ಟಿರಲಿ. ಬಲೆ, ಕೊಕ್ಕೆ, ಅಲೆ ಯಾವುದೂ ನಿನ್ನ ಮೈ ಮುಟ್ಟದಿರಲಿ. ಅಮ್ಮನ ಫೋಟೋದ ಮುಂದೆ ದಿನಾ ನಿನ್ನ ಹೆಸರಿನಲ್ಲೂ ಅನ್ನ ಇಡುತ್ತಿದ್ದೇನೆ.

ನಿನ್ನ ತಂಗಿ,
ಚಿನಾಮಿ

ಮರೆತದ್ದು: ಮರೆತದ್ದಲ್ಲ, ಮೂರು ಕಾಗದ ಹರಿದದ್ದು ಇದಕ್ಕೇ. ನಾನು ಆರನೇ ತರಗತಿಯಲ್ಲಿದ್ದಾಗ ಶಾಲೆಯ ಉತ್ಸವದಲ್ಲಿ ಮೈಕಿನ ಮುಂದೆ ನಾಲ್ಕು ಸಾಲು ಓದಿದೆ, ನೆನಪಿದೆಯೇ? ಹಿಂದಿನ ಸಾಲಿನಿಂದ ಒಬ್ಬರು, "ಯಾವ ಮುದುಕಪ್ಪನನ್ನ ಕರೆಸಿದ್ದಾರೆ?" ಎಂದರು. ಇಡೀ ಸಭೆ ನಕ್ಕಿತು. ಆ ಮೊದಲ ದನಿ ನಿನ್ನದು, ಅಣ್ಣ. ನೀನು ಗೆಳೆಯರ ನಡುವೆ ಕುಳಿತಿದ್ದೆ, ಹೇಳಿಬಿಟ್ಟೆ, ಅಷ್ಟೇ. ಆಮೇಲೆ ದೊಡ್ಡ ಶಾಲೆಗೆ ಹೋಗದೆ ನಾನು ಹೊಟ್ಟೆನೋವು ಎಂದದ್ದು ಸುಳ್ಳು. ಅಮ್ಮ ಕೊನೆಯವರೆಗೂ ನನ್ನನ್ನು ಹೊಟ್ಟೆಯ ವೈದ್ಯರ ಬಳಿಗೇ ಕರೆದೊಯ್ದಳು. ನಿನ್ನ ಮೇಲೆ ಕೋಪವಿಲ್ಲ. ಆದರೆ ನಿನಗೆ ಗೊತ್ತಿರಬೇಕು ಎನ್ನಿಸಿತು.

ಮೇಲಿನದೆಲ್ಲ ನಿನ್ನೆ ರಾತ್ರಿ ಬರೆದದ್ದು. ಇವತ್ತು ಬೆಳಿಗ್ಗೆ ತೋಫು ಅಂಗಡಿಗೆ ಹೋಗಿದ್ದೆ. "ಎರಡು ಕೊಡಿ" ಎಂದೆ. ಅಜ್ಜಿ ನೀರಿನೊಳಗೆ ಕೈಯಿಟ್ಟವಳು ತಲೆ ಎತ್ತದೆ, "ಮೆತ್ತನೆಯದಾ, ಗಟ್ಟಿಯದಾ?" ಎಂದಳು. ಇಷ್ಟು ವರ್ಷ ಬೆರಳಿಗೆ ಯಾರೂ ಅದನ್ನು ಕೇಳಿರಲಿಲ್ಲ. ಒಮ್ಮೆ ಉಸಿರೆಳೆದುಕೊಂಡು, "ಮೆತ್ತನೆಯದು" ಎಂದೆ.