ಗದ್ದದೆತ್ತರದ ಸ್ಕೀ

ಬಹಮನ್ ತಿಂಗಳ ೧೨, ಗುರುವಾರ. ಇರಾನಿನ ದಿಜೀನ್ ಸ್ಕೀ ತಾಣ.

ಮೊಣಕಾಲು ನೋಯುತ್ತಿಲ್ಲ. ಅದೇ ತಲೆ ಕೊರೆಯುತ್ತಿದೆ. ಪ್ರತಿ ಚಳಿಗಾಲವೂ ಈ ಹಿಮದ ಬೆಟ್ಟ ಇಳಿದ ರಾತ್ರಿ ನಿದ್ದೆಗೆಡಿಸುತ್ತಿದ್ದ ನೋವು ಅದು.

ಬೆಳಿಗ್ಗೆ ಬಾಡಿಗೆ ಅಂಗಡಿಯಲ್ಲಿ ರೂಢಿಯಂತೆ ಉದ್ದನೆಯ ಸ್ಕೀಯನ್ನೇ ಕೇಳಿದೆ. ಅಂಗಡಿಯ ಮಹ್‌ಲಗಾ ಖಾನುಮ್ ಕನ್ನಡಕದ ಮೇಲಿಂದ ನೋಡಿದರು.

“ಸ್ಕೀ ಹೇಗೆ ಆಡ್ತೀಯಮ್ಮ? ನಿಜ ಹೇಳು, ಇಲ್ಲಿ ಯಾರೂ ಪದಕ ಕೊಡಲ್ಲ.”

“ಸುಮಾರಾಗಿ. ಕಡಿದಾದ ಕಡೆ ಹೆದರಿಕೆ.”

“ಮತ್ತೆ ಈ ಏಣಿ ಯಾಕೆ? ಯಾರು ಹೇಳಿದ್ದು?”

“ನನ್ನ ಗಂಡ, ಕಾಮ್ಯಾರ್. ಉದ್ದ ಇದ್ರೆ ವೇಗ ಬರುತ್ತೆ, ಅವನ ಜೊತೆಗೇ ಇಳೀಬಹುದು ಅಂತ.”

“ಎಲ್ಲಿ ಅವನು?”

“ಹೋದ ವರ್ಷ ಬೇರೆಯಾದ್ವಿ.”

ಅವರು ನನ್ನ ಗದ್ದದವರೆಗೆ ಬರುವ ಜೋಡಿಯೊಂದನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರು.

“ಇದು ನೀನು ಹೇಳಿದ ಕಡೆ ತಿರುಗುತ್ತೆ, ಹೋಗು.”

ತಿರುಗಿತು. ಕಡಿದಾದ ಇಳಿಜಾರಿನಲ್ಲೂ ಬೀಳಲಿಲ್ಲ. ಕೆಳಗೆ ತಲುಪಿದವಳೇ, ಏದುಸಿರಿನಲ್ಲಿ, “ತಡ ಆಯ್ತು ಕಾಮ್ಯಾರ್, ಬೈಬೇಡ” ಎಂದುಬಿಟ್ಟೆ. ಅವನು ಯಾವಾಗಲೂ ಅಲ್ಲೇ, ಗಡಿಯಾರ ನೋಡುತ್ತ ನಿಂತಿರುತ್ತಿದ್ದ.

ಬರೀ ಹಿಮ.

ಇವತ್ತು ನಾನು ಯಾರನ್ನೂ ಕಾಯಿಸಲಿಲ್ಲ.