ತಾವು ನಿದ್ದೆ ಮಾಡಿದ ಮಾಳಿಗೆಯನ್ನು ನಾನು ಕೆಡವುವುದಿಲ್ಲ

ಮಾನ್ಯ ಮೇಲಧಿಕಾರಿಗಳೇ,

ಚಿಗಟೇರಿ ಪಕ್ಕದ ನಮ್ಮೂರಿನ ಅಂಗನವಾಡಿಯ ಹಳೆಯ ಮಾಳಿಗೆ ಮನೆಯನ್ನು, ಅಂದರೆ ಮಣ್ಣಿನ ಚಾವಣಿಯ ಮನೆಯನ್ನು, ಬರುವ ಸೋಮವಾರ ಕೆಡವಬೇಕೆಂದು ತಾವು ಆದೇಶಿಸಿದ್ದೀರಿ. ಗಾರೆ ಕೆಲಸದ ಗೌಂಡಿಯಾದ ನನಗೇ ಆ ಕೆಲಸ ವಹಿಸಿದ್ದೀರಿ. ನಾನು ಕೆಡವುವುದಿಲ್ಲ. ಇದನ್ನು ಕಚೇರಿಯಲ್ಲೇ ಮೆಲ್ಲಗೆ ಹೇಳಬೇಕೆಂದು ಮೂರು ಸಲ ಬಂದೆ. ಮೂರು ಸಲವೂ ತಾವು ಸಭೆಯಲ್ಲಿದ್ದಿರಿ. ಅದಕ್ಕೇ ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ತಾವು ತಪಾಸಣೆಗೆ ಬಂದದ್ದು ನೆನಪಿದೆಯೇ? ಮಧ್ಯಾಹ್ನ ಒಂದೂವರೆಯ ಹೊತ್ತು. ನಾನು ಮೆಟ್ಟಿಲಿಗೆ ಸಿಮೆಂಟು ಹಾಕುತ್ತಿದ್ದೆ, ಕಣ್ಣಾರೆ ಕಂಡವನು. ಜೀಪಿನಿಂದ ಇಳಿದು ಒಳಗೆ ಬರುವಷ್ಟರಲ್ಲಿ ಅಂಗಿ ತಮ್ಮ ಬೆನ್ನಿಗೆ ಅಂಟಿತ್ತು. ಗೋಡೆಗೆ ಒರಗಿ ಕೂತಿರಿ. ಸಹಾಯಕಿ ಅಂಜಿನಕ್ಕ ಮಜ್ಜಿಗೆ ಕೊಟ್ಟಳು. ಐದು ನಿಮಿಷದಲ್ಲಿ ಬೆವರು ಆರಿತು, ಹತ್ತನೇ ನಿಮಿಷಕ್ಕೆ ಹದಿನೆಂಟು ಮಕ್ಕಳ ಜೊತೆ ತಾವೂ ನಿದ್ದೆ ಹೋದಿರಿ. ಎದ್ದು ಬರೆದ ವರದಿಯಲ್ಲಿ ಏನಿತ್ತು? 'ಹಗಲಲ್ಲೇ ಕಿಟಕಿಗಳನ್ನು ಮುಚ್ಚಲಾಗಿದೆ. ಗಾಳಿ ಬೆಳಕಿಲ್ಲ. ಮಣ್ಣಿನ ಕಟ್ಟಡ ಮಕ್ಕಳಿಗೆ ಯೋಗ್ಯವಲ್ಲ.' ಅಷ್ಟು ಅಯೋಗ್ಯ ಜಾಗದಲ್ಲಿ ಅಷ್ಟು ಸೊಗಸಾದ ನಿದ್ದೆ ತಮಗೆ ಹೇಗೆ ಬಂತು ಸ್ವಾಮಿ?

ಕಿಟಕಿ ಮುಚ್ಚಿದ್ದು ಅಂಜಿನಕ್ಕನ ಸೋಮಾರಿತನವಲ್ಲ, ಅದೇ ಆಕೆಯ ಕೆಲಸ. ಬೇಸಿಗೆಯಲ್ಲಿ ಸಂಜೆ ಮನೆಗೆ ಹೊರಡುವಾಗ ಎಲ್ಲ ಕಿಟಕಿಗಳನ್ನೂ ಮಾಳಿಗೆಯ ಬೆಳಕಿಂಡಿಯನ್ನೂ ತೆರೆದಿಟ್ಟು ಹೋಗುತ್ತಾಳೆ. ಎರಡು ಮೊಳ ದಪ್ಪದ ಗೋಡೆ, ಮಣ್ಣಿನ ಮಾಳಿಗೆ ರಾತ್ರಿಯೆಲ್ಲ ತಂಪು ಕುಡಿಯುತ್ತವೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಬಂದು ಮುಚ್ಚುತ್ತಾಳೆ. ಕೂಡಿಟ್ಟ ತಂಪು ಸಂಜೆಯ ತನಕ ಬರುತ್ತದೆ. ಚಳಿಗಾಲದಲ್ಲಿ ಲೆಕ್ಕ ತಿರುವುಮುರುವು: ಹಗಲಿನ ಬಿಸಿಲನ್ನು ಇದೇ ಗೋಡೆ ಉಳಿಸಿಕೊಂಡು ಮರುದಿನ ಬೆಳಿಗ್ಗೆ ಮಕ್ಕಳ ಬೆನ್ನಿಗೆ ಕೊಡುತ್ತದೆ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ತಾಯಂದಿರೆಲ್ಲ ಸೇರಿ ಮಾಳಿಗೆಗೆ ಸವಳು ಮಣ್ಣು ಹಾಕುತ್ತಾರೆ, ನೀರು ಇಳಿಯುವುದಿಲ್ಲ. ಇದನ್ನೇ ಯಾರಾದರೂ ಕಾರ್ಯಾಗಾರದಲ್ಲಿ 'ಉಷ್ಣಶಕ್ತಿ ಸಂಗ್ರಹಣೆ' ಎಂದು ಪರದೆಯ ಮೇಲೆ ತೋರಿಸಿದರೆ ತಾವು ಚಪ್ಪಾಳೆ ತಟ್ಟುತ್ತೀರಿ. ಅಂಜಿನಕ್ಕ ಮಾಡಿದರೆ ನೋಟಿಸು ಕೊಡುತ್ತೀರಿ.

ಇನ್ನು ನನ್ನ ತಪ್ಪು. ಆ ವರದಿಯಾದ ಮೇಲೆ ತಮ್ಮ ನಕ್ಷೆಯ ಪ್ರಕಾರ ತಗಡಿನ ಚಾವಣಿಯ ಹೊಸ ಕಟ್ಟಡ ಕಟ್ಟಿದವನು ನಾನೇ. ತೆಳು ಗೋಡೆ, ದೊಡ್ಡ ದೊಡ್ಡ ಗಾಜಿನ ಕಿಟಕಿ. ಅಂಜಿನಕ್ಕ ಅಂದೇ ಕೇಳಿದ್ದಳು, "ಹುಲುಗಣ್ಣ, ಇದ್ರಾಗ ಹುಡುಗ್ರನ್ನ ಮಲಗಸ್ತೀಯೋ, ರೊಟ್ಟಿ ಸುಡ್ತೀಯೋ?"

"ಫ್ಯಾನ್ ಐತಲ್ಲಕ್ಕ" ಎಂದು ನಕ್ಕುಬಿಟ್ಟೆ.

ಈ ಮಾರ್ಚಿನ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೂರು ವರ್ಷದ ನನ್ನ ಮೊಮ್ಮಗಳು, ಅಜ್ಜಿಯ ಹೆಸರಿಟ್ಟುಕೊಂಡ ಗಾದೆಮ್ಮ, ಆ ತಗಡಿನ ಕೆಳಗೆ ಎಚ್ಚರ ತಪ್ಪಿದಳು. ಅಂಜಿನಕ್ಕ ಆಕೆಯನ್ನು ಎತ್ತಿಕೊಂಡು ಓಡಿದ್ದು ಎಲ್ಲಿಗೆ? ತಾವು ಅಯೋಗ್ಯವೆಂದ ಮನೆಗೆ. ತಣ್ಣನೆಯ ನೆಲದಲ್ಲಿ ಮಲಗಿಸಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದ ಮೇಲೆ ಮಗು ಕಣ್ಣು ಬಿಟ್ಟಿತು. ನಾನು ಓಡಿ ಬಂದಾಗ ಅಂಜಿನಕ್ಕ ಹೇಳಿದ್ದು ಒಂದೇ ಮಾತು: "ಇನ್ನ ಮ್ಯಾಲ ಆ ತಗಡಿನಾಗ ಒಂದು ಕೂಸೂ ಮಲಗಂಗಿಲ್ಲ ನೋಡು." ನಾನು ಕಟ್ಟಿದ ಕಟ್ಟಡ ನನ್ನ ಕೂಸಿಗೇ ಕುತ್ತಾಗಿತ್ತು. ನಾಚಿಕೆಯಾಗುತ್ತದೆ. ಸಿಟ್ಟೂ ಬರುತ್ತದೆ, ಮೊದಲು ನನ್ನ ಮೇಲೆ, ಆಮೇಲೆ ತಮ್ಮ ಮೇಲೆ.

ಅಂದಿನಿಂದ ಮಕ್ಕಳು ಹಳೆಯ ಮನೆಯಲ್ಲೇ ಮಲಗುತ್ತಿದ್ದಾರೆ. ಅದು ತಮ್ಮ ಕಿವಿಗೆ ಬಿದ್ದದ್ದೇ ತಡ, ಕೆಡವುವ ಆದೇಶ ಬಂತು. ಕಟ್ಟಡ ಶಿಥಿಲವಾಗಿದೆಯಂತೆ! ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದವನು ನಾನು. ಒಂದೊಂದು ತೊಲೆಯನ್ನೂ ತಟ್ಟಿ ನೋಡಿದ್ದೇನೆ, ಗಟ್ಟಿಯಾಗಿವೆ. ತಮ್ಮ ಕಚೇರಿಯಿಂದ ಯಾರು ಬಂದು ತಟ್ಟಿ ನೋಡಿದರು?

ಆದೇಶವನ್ನು ಹಿಂದಕ್ಕೆ ಪಡೆಯಿರಿ. ಇಲ್ಲವೇ ಸೋಮವಾರ ಮಧ್ಯಾಹ್ನ ಒಂದೂವರೆಗೆ ತಾವೇ ಬನ್ನಿ. ಫ್ಯಾನು ನಿಲ್ಲಿಸಿ ಹೊಸ ಕಟ್ಟಡದಲ್ಲಿ ಒಂದು ತಾಸು ಕೂತು, ಆಮೇಲೆ ಹಳೆಯದರೊಳಗೆ ಬನ್ನಿ. ಆಗಲೂ ಕೆಡವಬೇಕು ಎನಿಸಿದರೆ ಹಾರೆ ನಾನೇ ಕೊಡುತ್ತೇನೆ, ಮೊದಲ ಏಟು ತಾವೇ ಹಾಕಿ. ಒಳಗೆ ಹದಿನೆಂಟು ಮಕ್ಕಳು ಮಲಗಿರುತ್ತಾರೆ. ಅವರನ್ನು ಎಬ್ಬಿಸುವ ಕೆಲಸವೂ ತಮ್ಮದೇ.

ಇಂತಿ,
ತಗಡಿನ ಕಟ್ಟಡ ಕಟ್ಟಿ, ತಡವಾಗಿ ಬುದ್ಧಿ ಕಲಿತ
ಗೌಂಡಿ ಹುಲುಗಣ್ಣ